ಮೋಡವನ್ನು ಬೈಯುವ ಮುನ್ನ

ಕಳೆದ ಸಭೆಯಲ್ಲಿ ನಮ್ಮ ಬಳಗದ ಮುಂದೆ ಒಂದು ಸೂಚನೆ ಬಂದಿತು. ಸದಸ್ಯರ ಬರಹಗಳನ್ನೂ ಹಿರಿಯರ ಹಸ್ತಪ್ರತಿಗಳನ್ನೂ ಕಾಪಿಡಲೆಂದು ನಾವು ಕ್ಲೌಡ್ ಹೋಸ್ಟಿಂಗ್ ವೇದಿಕೆಯೊಂದರ ಮೇಲೆ ಕಟ್ಟಿಕೊಂಡಿದ್ದ ವೆಬ್ ಆ್ಯಪನ್ನು ಮುಚ್ಚಿಬಿಡಬೇಕು, ಉಳಿದ ಹಣದಲ್ಲಿ ಒಂದು ಸ್ಮರಣ ಸಂಚಿಕೆ ಅಚ್ಚು ಹಾಕಿಸಬೇಕು ಎಂಬುದು ಆ ಸೂಚನೆ. ಅದಕ್ಕೆ ಕೊಟ್ಟ ಕಾರಣಗಳು ಮೂರು. ಕನ್ನಡ ಈ ಯಂತ್ರಗಳಿಗೆ ಒಗ್ಗುವುದಿಲ್ಲ. ಇದು ಸಾಹಿತ್ಯ ಬಳಗದ ಕೆಲಸವಲ್ಲ, ಕಂಪ್ಯೂಟರ್ ಹುಡುಗರ ಕೆಲಸ. ಅಗ್ಗದ ಯೋಜನೆ ಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತು. ಬಹಳ ತಲೆಗಳು ಅಲ್ಲಾಡಿದವು. ನಮ್ಮಲ್ಲಿ ಕೆಲವರು ಮಾತ್ರ ಸುಮ್ಮನೆ ಕುಳಿತೆವು. ಒಪ್ಪಿ ಸುಮ್ಮನಿದ್ದೆವೆಂದು ಯಾರೂ ತಿಳಿಯಬಾರದು. ನಾಚಿಕೆಯಿಂದ ಬಾಯಿ ಬರಲಿಲ್ಲ. ಆ ನಾಚಿಕೆಯನ್ನು ಬಿಚ್ಚಿಟ್ಟು, ಈ ಮೂರು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲವೆಂದು ತೋರಿಸಲು ಈ ಬರಹ. ಓದುಗರೆಂದು ಹೆಮ್ಮೆಪಡುವ ನಾವು ಓದಬೇಕಾದದ್ದನ್ನು ಓದಲಿಲ್ಲ. ನಡೆದದ್ದೆಲ್ಲ ಅದರಿಂದ ನಡೆಯಿತು.

ಮೊದಲು ನಡೆದದ್ದನ್ನು ನಡೆದಂತೆ ಹೇಳಬೇಕು. ದಿಲ್ಲಿಯ ಕನ್ನಡಿಗರು ಸಭೆಗೆಂದು ಹೋಗುವುದು ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ, ಮಕ್ಕಳನ್ನು ಸೇರಿಸಲೆಂದು ಹೋಗುವುದು ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ. ಓಖ್ಲಾ ನಮ್ಮ ಪಾಲಿಗೆ ಮೆಟ್ರೋ ಕಿಟಕಿಯಲ್ಲಿ ಸರಿದುಹೋಗುವ ಕಾರ್ಖಾನೆಗಳ ಸಾಲು. ಆದರೆ ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರಿಗೆ ಆ ಹೆಸರು ದಿಲ್ಲಿಗೆ ಬರುವ ಮೊದಲೇ ಪರಿಚಿತ. ದಿಲ್ಲಿಯ ಪ್ರಕಾಶಕರ ಎಷ್ಟೋ ಪಠ್ಯಪುಸ್ತಕಗಳ ಆರಂಭದ ಪುಟದ ಅಡಿಯಲ್ಲಿ, ಮುದ್ರಕರ ವಿಳಾಸದಲ್ಲಿ, ಓಖ್ಲಾ ಕೈಗಾರಿಕಾ ಪ್ರದೇಶವೆಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಅಂಥದೇ ಒಂದು ಮುದ್ರಣಾಲಯದ ಮೇಲಿನ ಕೋಣೆ, ಸದಸ್ಯರೊಬ್ಬರ ಪರಿಚಯದಿಂದ, ಭಾನುವಾರಗಳಂದು ನಮಗೆ ಸಿಕ್ಕಿತು. ಓಖ್ಲಾ ಎನ್‌ಎಸ್‌ಐಸಿ ನಿಲ್ದಾಣದಲ್ಲಿ ಇಳಿದು, ಇ-ರಿಕ್ಷಾ ಹಿಡಿದು, ಕಾಗದದ ಉರುಳೆಗಳ ಪಕ್ಕದ ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ಅಲ್ಲಿ ಇಬ್ಬರು ತರುಣರು ಲ್ಯಾಪ್‌ಟಾಪ್ ಮುಂದೆ ಕುಳಿತು ಆ್ಯಪ್ ಕಟ್ಟಿದರು. ಉಳಿದ ನಾವು ಚಹಾ ತರಿಸಿ, ಹೆಸರೇನಿಡಬೇಕೆಂದು ಎರಡು ಭಾನುವಾರ ಚರ್ಚಿಸಿದೆವು.

ಕಟ್ಟಿ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಪರೀಕ್ಷೆಗಾಗಿ ಸೇರಿಸಿದ ಲೇಖನಗಳ ಹೆಸರು 'ಟೆಸ್ಟ್ ಒಂದು', 'ಟೆಸ್ಟ್ ಎರಡು', 'ಹಲೋ'. ಅವೂ ರೋಮನ್ ಲಿಪಿಯಲ್ಲಿ. ಕನ್ನಡಕ್ಕಾಗಿ ಕಟ್ಟಿದ ಮನೆಯ ಗೃಹಪ್ರವೇಶದ ದಿನ ಕನ್ನಡದ ಒಂದು ಪದವೂ ಒಳಗೆ ಕಾಲಿಡಲಿಲ್ಲ. ಕೆಳಗಡೆ ಮುದ್ರಣಾಲಯದಲ್ಲಿ ಕರಡಚ್ಚು ತಿದ್ದದೆ ಒಂದು ಮದುವೆ ಕರೆಯೋಲೆಯೂ ಯಂತ್ರ ಏರುವುದಿಲ್ಲ. ಮೇಲಿನ ಕೋಣೆಯಲ್ಲಿ ಕುಳಿತ ನಾವು, ಸಾಹಿತ್ಯದವರು, ಕರಡು ನೋಡಲೇ ಇಲ್ಲ.

ಬಳಗದ ಹಿರಿಯರೊಬ್ಬರು 1968ರಲ್ಲಿ ಗುಮಾಸ್ತರಾಗಿ ದಿಲ್ಲಿಗೆ ಬಂದವರು. ಅವರ ಬಳಿ ಮೂರು ನೋಟುಪುಸ್ತಕಗಳಿದ್ದವು. ಕರೋಲ್ ಬಾಗಿನ ಕೋಣೆಗಳ ಬಾಡಿಗೆ, ಯಾರ ಮನೆಯಲ್ಲಿ ಯಾರು ಮೊದಲ ತಿಂಗಳು ತಂಗಿದ್ದರು, ಹುರಳಿ ಎಲ್ಲಿ ಸಿಗುತ್ತಿತ್ತು, ಸರ್ಕಾರಿ ವಸತಿಗಾಗಿ ಎಷ್ಟು ವರ್ಷ ಕಾದರು, ಊರಿಂದ ತಂತಿ ಬಂದಾಗ ರೈಲಿನ ಹಣ ಯಾರು ಹೊಂದಿಸಿದರು, ಎಲ್ಲವೂ ಅದರಲ್ಲಿ ದಿನಾಂಕ ಸಹಿತ ಇದ್ದವು. ಯಾವ ಇತಿಹಾಸಕಾರನೂ ಬರೆಯದ ಇತಿಹಾಸ ಅದು. ಜನವರಿಯ ಒಂದು ಭಾನುವಾರ ಆ ನೋಟುಪುಸ್ತಕಗಳ 214 ಪುಟಗಳನ್ನು ಸ್ಕ್ಯಾನ್ ಮಾಡಿ ಆ್ಯಪಿಗೆ ಏರಿಸಿದೆವು. ಫೋನಿನಲ್ಲಿ ಜಾಗ ಸಾಲದೆಂದು ಮೂಲ ಚಿತ್ರಗಳನ್ನು ಅಂದೇ ಅಳಿಸಿದೆವು. ಪುಸ್ತಕಗಳನ್ನು ಮರಳಿಸಿದಾಗ ಅವರು, "ಇನ್ನು ಇವು ಹೋದರೂ ಚಿಂತೆಯಿಲ್ಲ ಬಿಡ್ರಪ್ಪಾ, ನಿಮ್ಮಲ್ಲಿ ಇದೆಯಲ್ಲ" ಎಂದರು. ಹೌದು ರಾಯರೇ, ಭದ್ರವಾಗಿದೆ ಎಂದೆವು.

ಫೆಬ್ರವರಿಯಲ್ಲಿ ಅವರ ನೋಟುಪುಸ್ತಕದಿಂದ ಒಂದು ಪ್ರಬಂಧವನ್ನು ಬೆರಳಚ್ಚು ಮಾಡಿ ಏರಿಸಲು ಹೋದೆವು. ಅದರ ಹೆಸರು 'ಮೌನ'. ಸೇರಿಸುವ ಗುಂಡಿ ಒತ್ತಿದೊಡನೆ ಪರದೆಯ ಮೇಲೆ ದೋಷ ಸಂಖ್ಯೆ 500 ಕಾಣಿಸಿತು. ಮತ್ತೆ ಒತ್ತಿದೆವು, ಮತ್ತೆ 500. ಸರ್ವರ್ ಕೆಟ್ಟಿದೆ ಎಂದು ಒಬ್ಬರು ಹೇಳಿದರು. ಕ್ಲೌಡ್ ಎಂದರೆ ಹೀಗೇ, ನಂಬುವಂತಿಲ್ಲ ಎಂದರು ಮತ್ತೊಬ್ಬರು. ರೀಸ್ಟಾರ್ಟ್ ಮಾಡಿ ನೋಡೋಣ ಎಂದು ಎಲ್ಲರೂ ಹೇಳಿದರು. ರೀಸ್ಟಾರ್ಟ್ ಮಾಡಿದೆವು. ಮೂರು ವಾರಗಳಲ್ಲಿ ಹನ್ನೊಂದು ಸಲ ಮಾಡಿದೆವು. ಹೆಚ್ಚಿನ ಮೆಮೊರಿಯ, ಹೆಚ್ಚಿನ ಬೆಲೆಯ ಯೋಜನೆಗೆ ಹಾರಿದೆವು. ವಾಟ್ಸ್ಆ್ಯಪ್ ಗುಂಪಿನಲ್ಲಿ ವೇದಿಕೆಯ ಕಂಪನಿಯನ್ನು ಸಾಕಷ್ಟು ಬೈದೆವು. ಆ ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಅದರದು ಯಾವ ತಪ್ಪೂ ಇರಲಿಲ್ಲ. ನಾವು ಮಾಡದೆ ಬಿಟ್ಟದ್ದು ಒಂದೇ ಕೆಲಸ. ವೇದಿಕೆಯ ಪುಟದಲ್ಲಿ 'ಲಾಗ್' ಎಂಬ ಕೊಂಡಿಯಿತ್ತು. ಅದನ್ನು ಯಾರೂ ತೆರೆದು ಓದಲಿಲ್ಲ.

ಕೊನೆಗೆ ಓದಿದ್ದು ಏಪ್ರಿಲಿನಲ್ಲಿ. ಓದಲು ಐದು ನಿಮಿಷ ಸಾಕಾಯಿತು. ಪ್ರತಿ ಸಲವೂ ಲಾಗ್ ಒಂದೇ ಮಾತನ್ನು ಬರೆದಿತ್ತು: ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ, ಎರಡನೆಯ ಸಲ ಸೇರಿಸಲಾಗದು. ಅದರ ಮುಂದೆ ಆ ವಿಳಾಸವನ್ನೂ ನಮೂದಿಸಿತ್ತು: 'ಮನ'. ನಾವು ಬೆಚ್ಚಿದೆವು. 'ಮನ' ಎಂಬ ಹೆಸರಿನ ಲೇಖನ ನಮ್ಮಲ್ಲಿ ಇರಲೇ ಇಲ್ಲ. ಇದ್ದದ್ದು, ಸದಸ್ಯೆಯೊಬ್ಬರು ಡಿಸೆಂಬರಿನಲ್ಲಿ ಬರೆದ 'ಮನೆ'.

ಇಲ್ಲಿ ಸ್ವಲ್ಪ ವಿವರ ಬೇಕು. ತಂತ್ರಜ್ಞಾನವೆಂದು ಓದುಗರು ಪುಟ ತಿರುವಬಾರದು, ಏಕೆಂದರೆ ಇದು ಕಾಗುಣಿತದ ವಿಷಯ. ಲೇಖನದ ಶೀರ್ಷಿಕೆಯಿಂದ ಅದರ ಜಾಲವಿಳಾಸವನ್ನು ತಯಾರಿಸುವಾಗ ತಂತ್ರಾಂಶವು 'ಪದದ ಅಕ್ಷರ'ಗಳಲ್ಲದ ಚಿಹ್ನೆಗಳನ್ನು, ಅಂದರೆ ಅಲ್ಪವಿರಾಮ, ಪ್ರಶ್ನಾರ್ಥಕ ಮುಂತಾದವನ್ನು, ಕಿತ್ತುಹಾಕುತ್ತದೆ. ಯಾವುದು ಪದದ ಅಕ್ಷರ ಎಂಬುದನ್ನು ನಿರ್ಧರಿಸುವುದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಶೋಧಸೂತ್ರ. ಪೈಥಾನ್ ಭಾಷೆಯ ಜೊತೆಗೇ ಬರುವ ಶೋಧಸೂತ್ರದ ಲೆಕ್ಕದಲ್ಲಿ ಅ, ಆ, ಕ, ಖ ಮುಂತಾದ ಸ್ವತಂತ್ರ ಅಕ್ಷರಗಳು ಪದದ ಅಕ್ಷರಗಳು. ಆದರೆ ದೀರ್ಘ, ಗುಡಿಸು, ಕೊಂಬು, ಏತ್ವ, ಅನುಸ್ವಾರ, ಅರ್ಧಾಕ್ಷರ ಮಾಡುವ ವಿರಾಮ, ಇವು ಯಾವುವೂ ಅಲ್ಲ. ಯೂನಿಕೋಡ್ ಅವುಗಳನ್ನು 'ಗುರುತು'ಗಳೆಂಬ ವರ್ಗದಲ್ಲಿ ಇಟ್ಟಿದೆ. ಪೈಥಾನಿನ ಸೂತ್ರ ಆ ವರ್ಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಲ್ಪವಿರಾಮದ ಜೊತೆಗೆ ನಮ್ಮ ಕಾಗುಣಿತವೂ ಕಸದ ಬುಟ್ಟಿಗೆ ಹೋಗುತ್ತದೆ. 'ಮನೆ' ಹೋಗಿ 'ಮನ' ಆಗುತ್ತದೆ. 'ಮೌನ'ವೂ 'ಮನ', 'ಮಾನ'ವೂ 'ಮನ', 'ಮೀನು' ಕೂಡ 'ಮನ'. 'ಬೇಂದ್ರೆ' ಎಂದು ಕೊಟ್ಟರೆ 'ಬದರ' ಎಂದು ಬರುತ್ತದೆ, 'ಕುವೆಂಪು' ಎಂದರೆ 'ಕವಪ', 'ಕಾರಂತ' ಎಂದರೆ 'ಕರತ'. 'ಕನ್ನಡ'ವೆಂದರೆ 'ಕನನಡ'. ಒಂದು ಹೆಸರಿಗೆ ಒಂದೇ ಲೇಖನವೆಂದು ಡೇಟಾಬೇಸಿಗೆ ನಾವೇ ನಿಯಮ ಹಾಕಿದ್ದೆವು. ಅದು ನಿಯಮ ಪಾಲಿಸಿತು, 'ಮೌನ'ವನ್ನು ಬಾಗಿಲಲ್ಲೇ ತಡೆಯಿತು.

'ಮನೆ' ಲೇಖನದ ವಿಳಾಸ ಡಿಸೆಂಬರಿನಿಂದಲೂ 'ಮನ' ಎಂದೇ ವಿಳಾಸ ಪಟ್ಟಿಯಲ್ಲಿ ಕಾಣುತ್ತಿತ್ತು. ಅರವತ್ತು ಮಂದಿ ಓದಿದರು, ಹೊಗಳಿದರು, ಹಂಚಿಕೊಂಡರು. ಒಬ್ಬರೂ ಗಮನಿಸಲಿಲ್ಲ. ಅಚ್ಚಿನ ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟುಹೋದರೆ ಸಂಪಾದಕರಿಗೆ ಪತ್ರ ಬರೆಯುವ ಬಳಗ ನಮ್ಮದು.

ಈಗ ಹೇಳಲು ಕಷ್ಟವಾಗುವ ಭಾಗ. 'ಮೌನ'ದ ತೊಡಕು ಬಿಡಿಸಿದ ಸಂತೋಷದಲ್ಲಿ ನಾವು ನೋಟುಪುಸ್ತಕದ ಪುಟಗಳನ್ನು ತೆರೆದೆವು. ಪುಟಗಳ ಪಟ್ಟಿ ಇತ್ತು, ಸಂಖ್ಯೆಗಳಿದ್ದವು, ಚಿತ್ರಗಳು ಇರಲಿಲ್ಲ. 214ರಲ್ಲಿ ಒಂದೂ ಇರಲಿಲ್ಲ. ಇಂಥ ವೇದಿಕೆಗಳಲ್ಲಿ ಆ್ಯಪ್ ಓಡುವ ಡಬ್ಬಿಯ ಒಳಗಿನ ಡಿಸ್ಕ್ ಶಾಶ್ವತವಲ್ಲ. ರೀಸ್ಟಾರ್ಟ್ ಆದಾಗ ಡಬ್ಬಿಯನ್ನು ಮೂಲ ಅಚ್ಚಿನಿಂದ ಹೊಸದಾಗಿ ಕಟ್ಟಲಾಗುತ್ತದೆ. ನಡುವೆ ಅದರೊಳಗೆ ಬರೆದದ್ದೆಲ್ಲ ಹೋಗುತ್ತದೆ. ಧರ್ಮಛತ್ರದ ಹಾಗೆ: ರಾತ್ರಿ ತಂಗಬಹುದು, ಬೆಳಿಗ್ಗೆ ಕಸ ಗುಡಿಸುವವರು ಬರುತ್ತಾರೆ, ಬಿಟ್ಟುಹೋದ ಗಂಟಿಗೆ ಯಾರೂ ಹೊಣೆಯಲ್ಲ. ಉಳಿಯಬೇಕಾದ ಕಡತಗಳನ್ನು ಬೇರೆ ಉಗ್ರಾಣದಲ್ಲಿ, ಆಬ್ಜೆಕ್ಟ್ ಸ್ಟೋರೇಜ್ ಎಂಬಲ್ಲಿ, ಇಡಬೇಕು. ಇದು ಗುಟ್ಟೇನಲ್ಲ. ಹೆರೋಕು ಎಂಬ ವೇದಿಕೆಯಲ್ಲಿ ಕೆಲಸ ಮಾಡುತ್ತಿದ್ದವರು 2011ರ ಸುಮಾರಿಗೇ ಇಂಥ ಆ್ಯಪ್‌ಗಳಿಗೆ ಹನ್ನೆರಡು ಸೂತ್ರಗಳನ್ನು ಬರೆದು ಪ್ರಕಟಿಸಿದ್ದರು. ಆ್ಯಪ್ ತನ್ನೊಳಗೆ ಏನನ್ನೂ ಕೂಡಿಟ್ಟುಕೊಳ್ಳಬಾರದೆಂಬುದು ಅವುಗಳಲ್ಲಿ ಒಂದು. ಲಾಗನ್ನು ಎಡೆಬಿಡದೆ ಹರಿಯುವ ದಾಖಲೆಯೆಂದು ಕಾಣಬೇಕೆಂಬುದು ಇನ್ನೊಂದು. ಎರಡನ್ನೂ ನಾವು ಮೀರಿದ್ದೆವು. ಹನ್ನೊಂದು ಸಲ ನಾವು ಔಷಧವೆಂದು ಮಾಡಿದ ರೀಸ್ಟಾರ್ಟ್‌ಗಳಲ್ಲಿ ಮೊದಲನೆಯದೇ ಎಲ್ಲವನ್ನೂ ಗುಡಿಸಿಹಾಕಿತ್ತು. ಪುಟ ಏರಿಸಿದವರ ಲ್ಯಾಪ್‌ಟಾಪಿನ ಬ್ರೌಸರ್ ತನ್ನ ಹಳೆಯ ನಕಲನ್ನು ತೋರಿಸುತ್ತಿದ್ದುದರಿಂದ ಅವರಿಗೆ ಎಲ್ಲವೂ ಇರುವಂತೆಯೇ ಕಂಡಿತು. ಅದನ್ನೂ ಕಾಲಕ್ರಮದಲ್ಲಿ ಬ್ರೌಸರ್ ತಾನೇ ಖಾಲಿ ಮಾಡಿತ್ತು.

ಮೂಲ ಪುಸ್ತಕಗಳನ್ನು ಮತ್ತೆ ಕೇಳೋಣವೆಂದರೆ, ಹಿರಿಯರು ಫೆಬ್ರವರಿಯ ಕೊನೆಯಲ್ಲಿ ತೀರಿಕೊಂಡಿದ್ದರು. ಮಾರ್ಚಿನಲ್ಲಿ ಮನೆ ಖಾಲಿ ಮಾಡುವಾಗ ಮಕ್ಕಳು ಹಳೆಯ ಕಾಗದವನ್ನೆಲ್ಲ ಕಬಾಡಿಯವನಿಗೆ ಕೊಟ್ಟರು. ಅವರನ್ನು ದೂರುವಂತಿಲ್ಲ, ಬಳಗದವರ ಬಳಿ ಭದ್ರವಾಗಿದೆಯೆಂದು ತಂದೆ ಅವರಿಗೆ ಹೇಳಿದ್ದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಂಚಿಕೊಂಡಿದ್ದ 37 ಪುಟಗಳು, ಕುಗ್ಗಿದ ಚಿತ್ರಗಳಾಗಿ, ಸಿಕ್ಕವು. ಉಳಿದದ್ದು ಇಲ್ಲ.

ಇಷ್ಟಾದ ಮೇಲೆ, ಮುಚ್ಚಿಬಿಡೋಣ ಎಂಬ ಸೂಚನೆ ಸಹಜವೆಂದೇ ಕಾಣುತ್ತದೆ. ಆದರೆ ಅದರ ಕಾರಣಗಳನ್ನು ಒಂದೊಂದಾಗಿ ನೋಡಿದರೆ, ಪ್ರತಿಯೊಂದೂ ನಮ್ಮ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವ ಉಪಾಯವೆಂದು ತಿಳಿಯುತ್ತದೆ.

ಕನ್ನಡ ಯಂತ್ರಕ್ಕೆ ಒಗ್ಗುವುದಿಲ್ಲ ಎಂಬ ಮಾತು ಸುಳ್ಳು, ಹಳೆಯ ಸುಳ್ಳು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಇತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಕ್ಷಾಂತರ ಬೆರಳುಗಳಿಗೆ ರೂಢಿಯಾಯಿತು. ನಮ್ಮ ಬಳಗದ ಹಳೆಯ ಬರಹಗಳು ಇಂದು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುವುದಕ್ಕೆ ಕಾರಣ, ಆ ಕಾಲದ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದು ಕನ್ನಡದ ಆಕಾರ ತೋರಿಸುತ್ತಿದ್ದುದು. ಅವನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ಬಂದು ವರ್ಷಗಳಾದವು; ಬದಲಿಸಿಕೊಳ್ಳಲು ನಾವು ಕೂರಲಿಲ್ಲ, ಅಷ್ಟೇ. 'ಮನೆ'ಯ ವಿಷಯದಲ್ಲೂ ಹಾಗೆಯೇ. ಯೂನಿಕೋಡ್ ಒಕ್ಕೂಟದ 18ನೆಯ ತಾಂತ್ರಿಕ ಮಾನಕವು, ಪದದ ಅಕ್ಷರಗಳೆಂದರೆ ಈ ಗುರುತುಗಳನ್ನೂ ಸೇರಿಸಿಯೇ ಎಣಿಸಬೇಕೆಂದು ಶಿಫಾರಸು ಮಾಡಿದೆ. ಪೈಥಾನಿನಲ್ಲೇ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬಹುದಾದ ಇನ್ನೊಂದು ಶೋಧ ಗ್ರಂಥಾಲಯ ಕಾಗುಣಿತವನ್ನು ಉಳಿಸಿಕೊಳ್ಳುತ್ತದೆ. ನಮ್ಮ ತರುಣರು ಸಮಸ್ಯೆ ಏನೆಂದು ತಿಳಿದ ಮೇಲೆ ಅದನ್ನು ಸರಿಪಡಿಸಿದ್ದು ಮೂರು ಸಾಲಿನ ತಿದ್ದುಪಡಿಯಲ್ಲಿ. ಯಂತ್ರಕ್ಕೆ ಕನ್ನಡ ಗೊತ್ತಿಲ್ಲದಿದ್ದರೆ ಕಲಿಸಬಹುದು. ಕನ್ನಡಿಗರು ಅದನ್ನು ಕೇಳದೆ, 'ಇಂಗ್ಲಿಷಿನಲ್ಲಿ ಹೆಸರು ಕೊಟ್ಟುಬಿಡಿ, ತೊಂದರೆಯೇ ಇರುವುದಿಲ್ಲ' ಎಂದು ಉಪದೇಶಿಸಿದರೆ ಅದು ಯಾರಿಂದ ಕಲಿಯಬೇಕು? ಆ ಉಪದೇಶ ನಮ್ಮ ಗುಂಪಿನಲ್ಲೇ ಬಂದಿತ್ತು. ನವೆಂಬರಿನ ರಾಜ್ಯೋತ್ಸವದಲ್ಲಿ ಭಾಷಣ ಮಾಡಿದವರಿಂದಲೇ ಬಂದಿತ್ತು.

ಎರಡನೆಯದು, ಇದು ಹುಡುಗರ ಕೆಲಸವೆಂಬ ವಾದ. ಈ ವಾದದ ಕೆಳಗೆ ಒಂದು ಮೇಲರಿಮೆ ಅಡಗಿದೆ: ನಾವು ಅರ್ಥದವರು, ಅವರು ಯಂತ್ರದವರು. ಆದರೆ ದೋಷ ಪತ್ತೆ ಎಂಬುದು ಓದಿನ ಒಂದು ಬಗೆಯಲ್ಲದೆ ಮತ್ತೇನು? ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಬರೆದದ್ದು ಯಾತಕ್ಕೆ? ಓಲೆಗರಿಯ ಲಿಪಿಕಾರ ಎಲ್ಲಿ ಎಡವುತ್ತಾನೆ, ಒಂದು ಅಕ್ಷರ ಇನ್ನೊಂದರಂತೆ ಹೇಗೆ ಕಾಣುತ್ತದೆ, ಒಂದು ಪ್ರತಿಯ ತಪ್ಪು ಮುಂದಿನ ಪ್ರತಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ತಾಳ್ಮೆಯಿಂದ ಹಿಂಬಾಲಿಸುವುದಕ್ಕೆ. 'ಮೌನ' ಏಕೆ 'ಮನ' ಆಯಿತೆಂದು ಕೇಳುವುದು ಅದೇ ಜಾತಿಯ ಪ್ರಶ್ನೆ. ಲಿಪಿಕಾರ ಮಾತ್ರ ಈಗ ಬೇರೆ. ನಮ್ಮ ಎಂ.ಎ. ತರಗತಿಗಳಲ್ಲಿ, ಐ.ಎ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ ವಿಮರ್ಶಾಗ್ರಂಥದ ಹೆಸರಿನಲ್ಲಿ, ಕವಿಯ ಹೆಸರು ಮರೆಸಿ, ಕಾಗದದ ಮೇಲಿರುವುದನ್ನಷ್ಟೇ ನೋಡಿ ಹೇಳಿರೆಂದು ಅಭ್ಯಾಸ ಮಾಡಿಸುತ್ತಿದ್ದರು. ಲಾಗ್ ಅಂಥದೇ ಪಠ್ಯ. ಅದರಲ್ಲಿ ಊಹೆಗೆ ಜಾಗವಿಲ್ಲ, ಬರೆದದ್ದನ್ನು ಓದಬೇಕು. 'ಸರ್ವರ್ ಕೆಟ್ಟಿದೆ' ಎನ್ನುವುದು ಪದ್ಯ ಓದದೆ ಕವಿಯ ಜಾತಕ ಹೇಳಿದ ಹಾಗೆ.

ನಮ್ಮಲ್ಲಿ ಹಲವರು ಕೇಂದ್ರ ಸರ್ಕಾರದ ನೌಕರರು. ಕಡತಕ್ಕೆ ಟಿಪ್ಪಣಿ ಭಾಗವೂ ಪತ್ರವ್ಯವಹಾರ ಭಾಗವೂ ಬೇರೆ ಬೇರೆ ಇರುತ್ತವೆ, ಪುಟಕ್ಕೆ ಸಂಖ್ಯೆ ಇರುತ್ತದೆ, ಯಾರು ಯಾವ ದಿನ ಏನು ಬರೆದರೆಂದು ಸಹಿಯೊಂದಿಗೆ ಉಳಿಯುತ್ತದೆ. ಹಿಂದಿನ ಟಿಪ್ಪಣಿ ಓದದೆ ಹೊಸ ಟಿಪ್ಪಣಿ ಬರೆದ ಗುಮಾಸ್ತನನ್ನು ನಾವು ಕ್ಷಮಿಸುವುದಿಲ್ಲ. ವಾರದ ಐದು ದಿನ ಅದೇ ಶಿಸ್ತಿನಿಂದ ಅನ್ನ ತಿನ್ನುವ ನಾವು ಭಾನುವಾರ ಓಖ್ಲಾದಲ್ಲಿ ಟಿಪ್ಪಣಿಯನ್ನೇ ತೆರೆಯದೆ ಹನ್ನೊಂದು ಸಲ ಆದೇಶ ಹೊರಡಿಸಿದೆವು. ಇನ್ನು ಹುಡುಗರ ಮಾತು. ಆ ಇಬ್ಬರಲ್ಲಿ ಒಬ್ಬರು ಈಗ ಪುಣೆಗೆ ವರ್ಗವಾಗಿದ್ದಾರೆ. ಖಾತೆ ಅವರ ಸ್ವಂತ ಇಮೇಲಿನಲ್ಲಿತ್ತು, ಒಟಿಪಿ ಅವರ ಫೋನಿಗೆ ಹೋಗುತ್ತಿತ್ತು, ಮೊದಲ ನಾಲ್ಕು ತಿಂಗಳ ಬಿಲ್ಲನ್ನು ಅವರೇ ತೆತ್ತಿದ್ದರು. ನಾವು ಕೇಳಿಯೂ ಇರಲಿಲ್ಲ. ದುಡಿಸಿಕೊಂಡು, ಆಮೇಲೆ ದೂರುವುದಕ್ಕೆ ಒಂದು ಹೆಸರು ಬೇಕಾಗಿತ್ತು. ಆ ಹೆಸರು 'ಹುಡುಗರು'.

ಮೂರನೆಯದು ಹಣದ ಮಾತು. ದುಬಾರಿ ಯೋಜನೆಗೆ ಹಾರಿದಾಗ ಯಂತ್ರದ ಮೆಮೊರಿ ಇಮ್ಮಡಿಯಾಯಿತು. ಕಾಗುಣಿತ ಮರಳಲಿಲ್ಲ, ಪುಟಗಳೂ ಮರಳಲಿಲ್ಲ. ಅಗ್ಗವಿರಲಿ ದುಬಾರಿಯಿರಲಿ, ಕ್ಲೌಡ್ ಎಂದರೆ ಬಾಡಿಗೆಮನೆ. ದಿಲ್ಲಿಯ ಕನ್ನಡಿಗರಿಗೆ ಬಾಡಿಗೆಯೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುತ್ತಾ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಕರಾರು ಓದದೆ ನಾವು ಮನೆ ಹಿಡಿಯುವುದಿಲ್ಲ. ಆದರೆ ಜಾಲದಲ್ಲಿ ಓದದೆ ಒಪ್ಪಿಗೆ ಒತ್ತುತ್ತೇವೆ. ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು, ಲಕ್ಷಾಂತರ ಜನರ ಸ್ವಂತ ಪುಟಗಳು ಹೋದವು. ಹೊರನಾಡ ಕನ್ನಡಿಗರೂ ಸೇರಿ ಎಷ್ಟೋ ಮಂದಿ ಹರಟಿದ, ಜಗಳವಾಡಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಹೆರೋಕು ತನ್ನ ಉಚಿತ ಯೋಜನೆಗಳನ್ನು 2022ರ ನವೆಂಬರ್ 28ರಿಂದ ನಿಲ್ಲಿಸಿತು. ಇವು ಯಾವುವೂ ಗುಟ್ಟಾಗಿ ನಡೆಯಲಿಲ್ಲ. ಮುಂಚಿತವಾಗಿ ಸೂಚನೆ ಕೊಟ್ಟಿದ್ದರು. ಸೂಚನೆ ಓದಿದವರು ಗಂಟು ಕಟ್ಟಿಕೊಂಡು ಹೊರಟರು. 'ಸರ್ಕಾರದ ಕ್ಲೌಡಿನಲ್ಲಿ ಜಾಗ ಕೇಳೋಣ' ಎಂಬ ಸಲಹೆಯೂ ಬಂತು. ಕೇಂದ್ರ ಸರ್ಕಾರ ಕಟ್ಟಿರುವ 'ಮೇಘರಾಜ್' ವ್ಯವಸ್ಥೆ ಇಲಾಖೆಗಳಿಗೆಂದು ಇರುವಂಥದು, ಸಾಹಿತ್ಯ ಬಳಗಗಳಿಗಲ್ಲ. ಒಂದು ವೇಳೆ ಜಾಗ ಸಿಕ್ಕಿದರೂ, ಲಾಗ್ ಓದದ ಬಳಗವನ್ನು ಯಾವ ಮೇಘವೂ ಕಾಯುವುದಿಲ್ಲ.

ಸ್ಮರಣ ಸಂಚಿಕೆಯ ಬಗ್ಗೆ ನಮಗೆ ವಿರೋಧವಿಲ್ಲ. ಅಚ್ಚಿನ ಪುಸ್ತಕ ಕರೆಂಟಿಲ್ಲದೆ ನೂರು ವರ್ಷ ಬಾಳುತ್ತದೆ; 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂದಿಗೂ ತೆರೆದು ಓದಲು ಸಿಗುತ್ತದೆ. ಆದರೆ ಮೂರು ನೋಟುಪುಸ್ತಕಗಳೂ ಕಾಗದವೇ ಆಗಿದ್ದವು ಎಂಬುದನ್ನು ಮರೆಯಬಾರದು. ಅವು ಹೋದದ್ದು ಕ್ಲೌಡಿನಿಂದಲ್ಲ, ಕಬಾಡಿ ಗಾಡಿಯಲ್ಲಿ. ಒಂದೇ ಪ್ರತಿ ಇರುವ ವಸ್ತು, ಅದು ತಾಳೆಗರಿಯಾಗಲಿ ಕಾಗದವಾಗಲಿ ಡಿಸ್ಕ್ ಆಗಲಿ, ಕಳೆದುಹೋಗುವ ವಸ್ತು. ಹಳಗನ್ನಡ ಕಾವ್ಯಗಳು ನಮಗೆ ದಕ್ಕಿದ್ದು ಅವುಗಳ ಪ್ರತಿಗಳು ಹಲವು ಕಡೆ ಇದ್ದುದರಿಂದ. ಮುನ್ನೂರು ಪ್ರತಿ ಅಚ್ಚು ಹಾಕಿಸಿ ಇನ್ನೂರೈವತ್ತನ್ನು ಕಾರ್ಯದರ್ಶಿಗಳ ಮಂಚದ ಕೆಳಗೆ ಇಡುವುದು ಕಾಪಿಡುವಿಕೆಯಲ್ಲ. ಮುಂಬಯಿಯಲ್ಲೋ ಮಸ್ಕತ್ತಿನಲ್ಲೋ ಇರುವ ಕನ್ನಡತಿಯೊಬ್ಬಳು ತನ್ನ ತಾತ 1970ರಲ್ಲಿ ಕರೋಲ್ ಬಾಗಿನ ಯಾವ ಮನೆಯಲ್ಲಿದ್ದರೆಂದು ಹುಡುಕಿದರೆ, ಮಂಚದ ಕೆಳಗಿನ ಸಂಚಿಕೆ ಅವಳಿಗೆ ಉತ್ತರ ಕೊಡುವುದಿಲ್ಲ.

ಆದ್ದರಿಂದ ಮುಚ್ಚುವ ಸೂಚನೆಗೆ ಎದುರಾಗಿ ನಾವು ಬೇರೊಂದು ಸೂಚನೆ ಮಂಡಿಸುತ್ತಿದ್ದೇವೆ. ಖಾತೆ ಬಳಗದ ಹೆಸರಿನಲ್ಲಿರಲಿ. ಕೀಲಿಗಳು ಕಡೇಪಕ್ಷ ಮೂವರ ಬಳಿ ಇರಲಿ, ಅವರಲ್ಲಿ ಒಬ್ಬರಾದರೂ ಐವತ್ತು ದಾಟಿದವರಿರಲಿ. ಸ್ಕ್ಯಾನ್ ಮಾಡಿದ ಪ್ರತಿ ಪುಟವೂ ಆ್ಯಪಿನ ಡಬ್ಬಿಯ ಹೊರಗೆ ಎರಡು ಬೇರೆ ಕಡೆ ಉಳಿಯಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಪುಟವನ್ನು ನಿಜವಾಗಿ ಮರಳಿ ತೆರೆದು ನೋಡಲಿ, ಏಕೆಂದರೆ ತೆರೆದು ನೋಡದ ಬ್ಯಾಕಪ್ ಬರಿಯ ನಂಬಿಕೆ. ಹೊಸದೇನು ಕಟ್ಟಿದರೂ ಅದರ ಪರೀಕ್ಷೆ ಕನ್ನಡದಲ್ಲೇ ನಡೆಯಲಿ. ಅದಕ್ಕೊಂದು ಕರಡುಪಟ್ಟಿ ಇರಲಿ: ಮನೆ, ಮೌನ, ಮೀನು, ಸ್ತ್ರೀ, ಅರ್ಘ್ಯ, ದುಃಖ, ಜ್ಞಾನ, ಕ್ಷೌರ. 'ಕನ್ನಡ' ಎಂಬುದು ಕಣ್ಣಿಗೆ 3 ಅಕ್ಷರ, ಯೂನಿಕೋಡಿಗೆ 5 ಸಂಕೇತ, ಯುಟಿಎಫ್-8 ರೂಪದಲ್ಲಿ 15 ಬೈಟ್; ಹೆಸರಿಗೆ ಇಷ್ಟೇ ಜಾಗವೆಂದು ಯಾರಾದರೂ ಮಿತಿ ಹಾಕುವಾಗ ಯಾವ ಲೆಕ್ಕದಲ್ಲಿ ಎಂದು ಕೇಳುವವರು ನಮ್ಮಲ್ಲಿರಲಿ. ಲೇಖನವನ್ನು ಪಿಡಿಎಫ್ ಮಾಡಿದಾಗ ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ ಕ್ಲೌಡನ್ನು ಬೈಯದೆ, ಆ ಡಬ್ಬಿಯಲ್ಲಿ ಕನ್ನಡ ಫಾಂಟ್ ಇದೆಯೇ ಎಂದು ನೋಡಲಿ. 'ಗುಬ್ಬಿ', 'ನವಿಲು', 'ಲೋಹಿತ್' ಎಂಬ ಮುಕ್ತ ಫಾಂಟ್‌ಗಳು ಕೇಳಿದವರಿಗೆಲ್ಲ ಸಿಗುತ್ತವೆ. ತೊಡಕು ಕಂಡಾಗ ಏನಾಯಿತು, ಲಾಗ್ ಏನು ಹೇಳಿತು, ಏನು ಮಾಡಿದೆವು ಎಂಬುದನ್ನು ಕನ್ನಡದಲ್ಲಿ, ದಿನಾಂಕ ಹಾಕಿ ಬರೆದಿಡುವ ಒಂದು ಪುಸ್ತಕವಿರಲಿ. ಕಾಗುಣಿತ ಕೀಳುವ ತಂತ್ರಾಂಶದ ಬಗ್ಗೆ ಅದನ್ನು ಕಟ್ಟುವವರಿಗೆ ನಾವು ವರದಿ ಕಳಿಸೋಣ. ನಮ್ಮ ಇಂಗ್ಲಿಷ್ ಎಂ.ಎ. ಅಷ್ಟಕ್ಕಾದರೂ ಉಪಯೋಗವಾಗಲಿ.

ಹಿರಿಯರ 'ಮೌನ' ಈಗ ಆ್ಯಪಿನಲ್ಲಿದೆ, 'ಮನೆ'ಯ ಪಕ್ಕದಲ್ಲೇ, ಎರಡಕ್ಕೂ ಅವುಗಳದೇ ವಿಳಾಸವಿದೆ. ಅದು ಬೆರಳಚ್ಚಾಗಿದ್ದ ಒಂದೇ ಪ್ರಬಂಧ. ಅದರೊಡನೆ ಉಳಿದ 37 ಪುಟಗಳನ್ನು ನೋಡಿಕೊಂಡು ಬೆರಳಚ್ಚು ಮಾಡುವ ಕೆಲಸ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಓಖ್ಲಾದ ಅದೇ ಕೋಣೆಯಲ್ಲಿ ಆರಂಭವಾಗುತ್ತದೆ. ಕೆಲವು ಪುಟಗಳಲ್ಲಿ ಅಕ್ಷರ ಮಸುಕಾಗಿದೆ. ಕೊಂಬೋ ಏತ್ವವೋ ತಿಳಿಯುವುದಿಲ್ಲ. ಮುಚ್ಚಬೇಕೆಂದು ಸೂಚಿಸಿದ ಸದಸ್ಯರು ಕನ್ನಡ ಹಸ್ತಾಕ್ಷರ ಓದುವುದರಲ್ಲಿ ನಮಗೆಲ್ಲರಿಗಿಂತ ಪಳಗಿದವರು, ಹಿರಿಯರೊಡನೆ ಒಂದೇ ಕಚೇರಿಯಲ್ಲಿ ದುಡಿದವರು. ಅವರು ಬರಬೇಕು. ಮತ ಹಾಕುವುದನ್ನು ಆಮೇಲೆ ನೋಡೋಣ.